ಮ್ಯಾಕ್ಸ್ ಬಾರ್ನ್ ಮತ್ತು ಹರಳುಗಳ ಪಠ್ಯಪುಸ್ತಕ

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬಿ.ಎಡ್.ಗೆ ಬರುವ ಪ್ರಶಿಕ್ಷಣಾರ್ಥಿಗಳು ಅಭ್ಯಾಸ ಬೋಧನೆಯ ಬಿಡುವಿನಲ್ಲಿ ಪ್ರತಿ ವರ್ಷವೂ ಒಂದು ಪ್ರಶ್ನೆ ಕೇಳುತ್ತಾರೆ. ಘನಸ್ಥಿತಿ ಭೌತಶಾಸ್ತ್ರವನ್ನು ಮೊದಲಿನಿಂದ ಸರಿಯಾಗಿ ಓದಬೇಕು, ಯಾವ ಪುಸ್ತಕ ಹಿಡಿಯಲಿ ಎಂಬುದು ಆ ಪ್ರಶ್ನೆ. ಕೆಲವರು ಉಪನ್ಯಾಸಕರ ಹುದ್ದೆಯ ಪರೀಕ್ಷೆಗೆ ತಯಾರಾಗುತ್ತಿರುತ್ತಾರೆ. ಕೆಲವರಿಗೆ ಎಂ.ಎಸ್ಸಿ.ಯಲ್ಲಿ ನೋಟ್ಸ್ ಓದಿ ಪಾಸಾದೆವಲ್ಲ ಎಂಬ ಕೊರಗು. ಒಂದು ಹೆಸರು ಹೇಳಿ ಕಳುಹಿಸುವುದು ಸುಲಭ. ಹಾಗೆ ಹೇಳಿ ನಾನು ಇಬ್ಬರು ಮೂವರನ್ನು ದಾರಿ ತಪ್ಪಿಸಿದ್ದೂ ಉಂಟು.

ನಾನೇ ಎಂ.ಎಸ್ಸಿ. ಓದುವಾಗ ಗ್ರಂಥಾಲಯದಿಂದ ಬಾರ್ನ್ ಮತ್ತು ಹುವಾಂಗ್ ಬರೆದ ‘ಡೈನಮಿಕಲ್ ಥಿಯರಿ ಆಫ್ ಕ್ರಿಸ್ಟಲ್ ಲ್ಯಾಟಿಸಸ್’ ಎಂಬ ದಪ್ಪ ಪುಸ್ತಕವನ್ನು ಹೆಮ್ಮೆಯಿಂದ ತಂದು, ಮೂರೇ ದಿನಕ್ಕೆ ಹಿಂದಿರುಗಿಸಿದ್ದೆ. ಮುಖ್ಯ ವಿಷಯ ಎರಡನೆಯ ಭಾಗದಲ್ಲಿದೆ ಎಂದು ಯಾರೋ ಹೇಳಿದ್ದರು, ನಾನು ಅಲ್ಲಿಂದಲೇ ತೆರೆದಿದ್ದೆ. ಅದೇ ಪುಸ್ತಕಕ್ಕೆ ಮೊದಲ ಭಾಗವೊಂದು ಏಕಿದೆ, ಅದನ್ನು ಯಾರು, ಯಾರ ಸಲುವಾಗಿ ಬರೆದರು ಎಂಬುದು ತಿಳಿದದ್ದು ಬಹಳ ವರ್ಷಗಳ ನಂತರ, ಮ್ಯಾಕ್ಸ್ ಬಾರ್ನ್ ಅವರ ಜೀವನ ಓದಿದಾಗ. ಪಠ್ಯಪುಸ್ತಕ ಆರಿಸುವವರಿಗೂ ಬರೆಯುವವರಿಗೂ ಆ ಜೀವನದಲ್ಲಿ ಗಮನಿಸಬೇಕಾದ ಸಂಗತಿಗಳಿವೆ. ಅದರ ಒಂದು ಅಧ್ಯಾಯ ನಮ್ಮ ಬೆಂಗಳೂರಿನಲ್ಲೇ ನಡೆದಿದೆ.

ಬಾರ್ನ್ ಹುಟ್ಟಿದ್ದು 1882ರ ಡಿಸೆಂಬರ್ 11ರಂದು, ಆಗ ಜರ್ಮನಿಗೆ ಸೇರಿದ್ದ, ಈಗ ಪೋಲೆಂಡಿನಲ್ಲಿರುವ ಬ್ರೆಸ್ಲಾವ್ ನಗರದಲ್ಲಿ. ಯಹೂದಿ ಮನೆತನ. ತಂದೆ ಗುಸ್ತಾವ್ ಬಾರ್ನ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರು, ಭ್ರೂಣಗಳ ಬೆಳವಣಿಗೆಯ ಸಂಶೋಧಕರು. ಹುಡುಗನಿಗೆ ನಾಲ್ಕು ವರ್ಷವಾಗುವ ಹೊತ್ತಿಗೆ ತಾಯಿ ತೀರಿಕೊಂಡರು, ಶಾಲೆ ಮುಗಿಸುವ ಹೊತ್ತಿಗೆ ತಂದೆಯೂ ಹೋದರು. ಕಾಲೇಜಿಗೆ ಸೇರಿದ ಮೇಲೆ ಒಂದೇ ವಿಷಯಕ್ಕೆ ಅಂಟಿಕೊಳ್ಳದೆ ಹಲವು ತರಗತಿಗಳಲ್ಲಿ ಕುಳಿತು ನೋಡಿದರು. ಹಾಗೆ ಕುಳಿತ ತರಗತಿಗಳಲ್ಲಿ ಒಂದು ಯಾಕೊಬ್ ರೋಸಾನೆಸ್ ಎಂಬ ಗಣಿತ ಅಧ್ಯಾಪಕರದು. ಅವರು ಬೀಜಗಣಿತದ ಪಾಠದಲ್ಲಿ ಮ್ಯಾಟ್ರಿಕ್ಸ್ ಲೆಕ್ಕಗಳನ್ನು ಕಲಿಸಿದರು. ಆ ಕಾಲದ ಭೌತಶಾಸ್ತ್ರದ ವಿದ್ಯಾರ್ಥಿಗೆ ಅದರಿಂದ ಏನೂ ಪ್ರಯೋಜನವಿರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ ಏನಾಯಿತೆಂದು ಮುಂದೆ ನೋಡೋಣ.

1904ರಲ್ಲಿ ಬಾರ್ನ್ ಗಾಟಿಂಗೆನ್‌ಗೆ ಬಂದರು. ಹಿಲ್ಬರ್ಟ್, ಕ್ಲೈನ್, ಮಿಂಕೋವ್‌ಸ್ಕಿ ಮೂವರೂ ಆಗ ಅಲ್ಲಿದ್ದರು. ಹಿಲ್ಬರ್ಟ್ ಅವರು ಬಾರ್ನ್‌ಗೆ ಒಂದು ಕೆಲಸ ಒಪ್ಪಿಸಿದರು: ತಮ್ಮ ಉಪನ್ಯಾಸಗಳನ್ನು ಶುದ್ಧವಾಗಿ ಬರೆದು, ಬೇರೆ ವಿದ್ಯಾರ್ಥಿಗಳು ಓದಿಕೊಳ್ಳಲು ವಾಚನಾಲಯದಲ್ಲಿ ಇಡುವುದು. ಇದಕ್ಕೆ ಸಂಬಳವಿರಲಿಲ್ಲ. ಆದರೆ ಇನ್ನೊಬ್ಬರು ಹೇಳಿದ್ದನ್ನು ಮೂರನೆಯವರಿಗೆ ಅರ್ಥವಾಗುವಂತೆ ಬರೆಯುವ ಅಭ್ಯಾಸ ಇಪ್ಪತ್ತೆರಡನೆಯ ವಯಸ್ಸಿನಲ್ಲೇ ಆಯಿತು. ಪಠ್ಯಪುಸ್ತಕ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ತರಬೇತಿ ನನಗೆ ತೋಚುವುದಿಲ್ಲ. ನಮ್ಮ ಪಾಠ ವೀಕ್ಷಣಾ ವರದಿಗಳನ್ನು ಸ್ವಲ್ಪ ಆ ದಿಕ್ಕಿಗೆ ತಿರುಗಿಸಬಹುದು.

ಕ್ಲೈನ್ ಅವರ ಜೊತೆ ಮಾತ್ರ ಸರಿಹೋಗಲಿಲ್ಲ. ಸ್ಥಿತಿಸ್ಥಾಪಕತ್ವದ ವಿಚಾರಗೋಷ್ಠಿಯಲ್ಲಿ ಸಹಪಾಠಿಯೊಬ್ಬರು ಕಾಯಿಲೆ ಬಿದ್ದದ್ದರಿಂದ ಬಾರ್ನ್ ಮಾತನಾಡಬೇಕಾಯಿತು. ತಯಾರಿ ಸಾಲದಿದ್ದರೂ ವಿಷಯವನ್ನು ಹೊಸದಾಗಿ ಯೋಚಿಸಿ ಹೇಳಿದರು. ಮೆಚ್ಚಿದ ಕ್ಲೈನ್, ಅದನ್ನೇ ವಿಶ್ವವಿದ್ಯಾಲಯದ ವಾರ್ಷಿಕ ಬಹುಮಾನದ ವಿಷಯವನ್ನಾಗಿಸಿ ಬಾರ್ನ್ ಸ್ಪರ್ಧಿಸಬೇಕೆಂದರು. ಬಾರ್ನ್ ಒಲ್ಲೆ ಎಂದರು. ಅಂಥ ದೊಡ್ಡ ಮನುಷ್ಯರ ಮಾತನ್ನು ತೆಗೆದುಹಾಕಿದರೆ ಏನಾಗುತ್ತದೋ ಅದೇ ಆಯಿತು. ಕೊನೆಗೆ ತಗ್ಗಿ, ಬರೆದು, ಬಹುಮಾನವನ್ನೂ ಗೆದ್ದರು. 1906ರಲ್ಲಿ ಅದೇ ಕೆಲಸಕ್ಕೆ ಡಾಕ್ಟರೇಟ್ ಬಂತು.

ಮೌಖಿಕ ಪರೀಕ್ಷೆಯ ಬಗ್ಗೆ ಬಾರ್ನ್ ಮುಂದೆ ಹೇಳುತ್ತಿದ್ದ ಒಂದು ಕಥೆ ಇದೆ. ಪರೀಕ್ಷೆಗೆ ಹೇಗೆ ತಯಾರಾಗಲಿ ಎಂದು ಹಿಲ್ಬರ್ಟ್ ಅವರನ್ನು ಕೇಳಲು ಹೋದರಂತೆ. ಯಾವ ಭಾಗ ನಿನಗೆ ತೀರ ಬರುವುದಿಲ್ಲ ಎಂದು ಹಿಲ್ಬರ್ಟ್ ವಿಚಾರಿಸಿದರಂತೆ. ಬೀಜಗಣಿತದ ಐಡಿಯಲ್ ಸಿದ್ಧಾಂತ ಎಂದು ಬಾರ್ನ್ ಒಪ್ಪಿಕೊಂಡು, ಸದ್ಯ ಅದನ್ನು ಕೇಳುವುದಿಲ್ಲ ಎಂಬ ನೆಮ್ಮದಿಯಲ್ಲಿ ಮರಳಿದರು. ಪರೀಕ್ಷೆಯ ದಿನ ಹಿಲ್ಬರ್ಟ್ ಕೇಳಿದ್ದೆಲ್ಲ ಐಡಿಯಲ್ ಸಿದ್ಧಾಂತದ್ದೇ. ಗೊತ್ತಿಲ್ಲದ ವಿಷಯದ ಬಗ್ಗೆ ಈ ಹುಡುಗನಿಗೆ ಎಷ್ಟು ಗೊತ್ತಿದೆ ಎಂದು ನೋಡುವ ಕುತೂಹಲ ಅವರಿಗಿತ್ತಂತೆ. ನಿದಾನ ಪರೀಕ್ಷೆಗೂ ಸಾಧನಾ ಪರೀಕ್ಷೆಗೂ ಇರುವ ವ್ಯತ್ಯಾಸ ವಿವರಿಸುವಾಗ ನಾನು ಈ ಕಥೆಯನ್ನು ಬಳಸುತ್ತೇನೆ, ಹಿಲ್ಬರ್ಟ್ ಅವರ ಕ್ರಮವನ್ನು ಶಿಫಾರಸು ಮಾಡದೆ.

ಹರಳುಗಳ ಕಡೆ ಬಾರ್ನ್ ತಿರುಗಿದ್ದು 1912ರಲ್ಲಿ. ಗಾಟಿಂಗೆನ್‌ನಲ್ಲಿ ಒಂದೇ ಮನೆಯಲ್ಲಿ ವಾಸವಿದ್ದ ಥಿಯೊಡೋರ್ ಫಾನ್ ಕಾರ್ಮಾನ್ ಜೊತೆ ಸೇರಿ, ಘನವಸ್ತುಗಳ ವಿಶಿಷ್ಟೋಷ್ಣ ತೀರ ಕಡಿಮೆ ತಾಪದಲ್ಲಿ ಏಕೆ ಇಳಿಯುತ್ತದೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡರು. 1907ರಲ್ಲಿ ಐನ್‌ಸ್ಟೈನ್ ಎಲ್ಲ ಪರಮಾಣುಗಳೂ ಒಂದೇ ಆವೃತ್ತಿಯಲ್ಲಿ ಕಂಪಿಸುತ್ತವೆಂದು ಭಾವಿಸಿ ಲೆಕ್ಕ ಮಾಡಿದ್ದರು. ಬಾರ್ನ್ ಮತ್ತು ಕಾರ್ಮಾನ್ ಪರಮಾಣುಗಳನ್ನು ಸ್ಪ್ರಿಂಗುಗಳಿಂದ ಕಟ್ಟಿದ ಜಾಲವೆಂದು ಭಾವಿಸಿದರು. ಒಂದು ಪರಮಾಣು ಅಲುಗಿದರೆ ಪಕ್ಕದ್ದೂ ಅಲುಗುತ್ತದೆ, ಆದ್ದರಿಂದ ಕಂಪನಗಳು ಇಡೀ ಹರಳಿನಲ್ಲಿ ಹರಿಯುವ ಅಲೆಗಳು. ಹರಳಿನಲ್ಲಿ ಪರಮಾಣುಗಳು ಜಾಲದಂತೆ ಜೋಡಣೆಗೊಂಡಿವೆ ಎಂಬುದನ್ನು ಎಕ್ಸ್-ಕಿರಣಗಳಿಂದ ತೋರಿಸಿದ ಲಾವೆ ತಂಡದ ಫಲಿತಾಂಶವೂ ಅದೇ ವರ್ಷದ್ದು. ಅದು ಪ್ರಕಟವಾಗುವ ಮೊದಲೇ ಇವರಿಬ್ಬರು ಜಾಲವನ್ನು ನಂಬಿ ಲೆಕ್ಕ ಮುಗಿಸಿದ್ದರು.

ಅದೇ ವರ್ಷ ಡಿಬೈ ಇನ್ನೂ ಸರಳವಾದ ದಾರಿ ಕಂಡುಕೊಂಡರು. ಪರಮಾಣುಗಳನ್ನು ಮರೆತು, ಘನವಸ್ತುವನ್ನು ಧ್ವನಿ ಹರಿಯುವ ಅಖಂಡ ವಸ್ತುವೆಂದು ಎಣಿಸಿದರು. ಎಲ್ಲರೂ ಹಿಡಿದದ್ದು ಡಿಬೈ ಸೂತ್ರವನ್ನೇ. ಬಾರ್ನ್-ಕಾರ್ಮಾನ್ ಸಿದ್ಧಾಂತ ಹೆಚ್ಚು ನಿಜವಾದದ್ದು, ಹೆಚ್ಚು ಕಷ್ಟದ್ದೂ ಹೌದು. ಎಂ.ಎಸ್ಸಿ. ಪಠ್ಯಗಳಲ್ಲಿ ಇಂದಿಗೂ ಐನ್‌ಸ್ಟೈನ್, ಡಿಬೈ, ಜಾಲದ ಕಂಪನ ಎಲ್ಲವೂ ಇವೆ. ಪುಸ್ತಕದಿಂದ ಪುಸ್ತಕಕ್ಕೆ ಕ್ರಮ ಬೇರೆ. ಕ್ರಮವನ್ನು ಆರಿಸುವಾಗ ಬರೆದವರು ಓದುಗನ ಬಗ್ಗೆ ಏನೋ ಊಹಿಸಿಕೊಂಡಿರುತ್ತಾರೆ. ಆ ಊಹೆ ನಮಗೆ ಹೊಂದುತ್ತದೆಯೇ ಎಂದು ನೋಡಬೇಕು.

1913ರಲ್ಲಿ ಹೆಡ್ವಿಗ್ ಎರೆನ್‌ಬರ್ಗ್ ಅವರೊಂದಿಗೆ ಮದುವೆ. 1915ರಲ್ಲಿ ಬರ್ಲಿನ್‌ನಲ್ಲಿ ಹುದ್ದೆ, ಅದೇ ವರ್ಷ ‘ಡೈನಾಮಿಕ್ ಡೆರ್ ಕ್ರಿಸ್ಟಾಲ್‌ಗಿಟರ್’ ಎಂಬ ಅವರ ಮೊದಲ ಪುಸ್ತಕ. ಹರಳಿನ ಎಲ್ಲ ಗುಣಗಳನ್ನೂ, ಅದು ಎಷ್ಟು ಬಾಗುತ್ತದೆ, ಬೆಳಕನ್ನು ಹೇಗೆ ಬಗ್ಗಿಸುತ್ತದೆ, ಎಷ್ಟು ಶಾಖ ಹಿಡಿಯುತ್ತದೆ ಎಂಬುದನ್ನೆಲ್ಲ, ಜಾಲದ ರಚನೆ ಮತ್ತು ಪರಮಾಣುಗಳ ನಡುವಿನ ಬಲ ಇವೆರಡರಿಂದಲೇ ಹೊರತರುವ ಪ್ರಯತ್ನ. ಚಿಕ್ಕ ಪುಸ್ತಕ, ಗಟ್ಟಿ ಪುಸ್ತಕ. ಮೊದಲ ಮಹಾಯುದ್ಧದಲ್ಲಿ ಫಿರಂಗಿ ಪರೀಕ್ಷಾ ಕಚೇರಿಗೆ ಅವರನ್ನು ಹಾಕಿದಾಗ, ಫಿರಂಗಿಯ ಸದ್ದಿನಿಂದ ಅದಿರುವ ಜಾಗ ಕಂಡುಹಿಡಿಯುವ ಕೆಲಸದ ನಡುವೆಯೇ ಆಲ್ಫ್ರೆಡ್ ಲಾಂಡೆ ಜೊತೆ ಉಪ್ಪಿನ ಹರಳಿನ ಶಕ್ತಿಯನ್ನು ಲೆಕ್ಕ ಹಾಕಿದರು. 1919ರಲ್ಲಿ ಅದನ್ನು ರಾಸಾಯನಿಕ ಮಾಪನಗಳೊಂದಿಗೆ ತಾಳೆ ನೋಡುವ ದಾರಿ ಸಿಕ್ಕಿತು. ಪಿ.ಯು. ರಸಾಯನಶಾಸ್ತ್ರ ಕಲಿಸುವವರು ಬಾರ್ನ್-ಹೇಬರ್ ಚಕ್ರ ಎಂದು ಕಪ್ಪುಹಲಗೆಯ ಮೇಲೆ ಬರೆಯುವುದು ಇದನ್ನೇ. ಆ ಬಾರ್ನ್ ಈ ಬಾರ್ನ್ ಎಂದು ಎಷ್ಟು ಜನರಿಗೆ ಗೊತ್ತೋ.

1919ರಿಂದ ಎರಡು ವರ್ಷ ಫ್ರಾಂಕ್‌ಫರ್ಟ್. ಯುದ್ಧ ಸೋತ ದೇಶದಲ್ಲಿ ಪ್ರಯೋಗಕ್ಕೆ ಹಣವಿರಲಿಲ್ಲ. ಐನ್‌ಸ್ಟೈನ್ ಹೆಸರು ಆಗತಾನೇ ಪತ್ರಿಕೆಗಳಲ್ಲಿ ಹಬ್ಬಿತ್ತು. ಸಾಪೇಕ್ಷತೆಯ ಬಗ್ಗೆ ಟಿಕೆಟ್ ಇಟ್ಟು ಸಾರ್ವಜನಿಕ ಉಪನ್ಯಾಸ ಕೊಟ್ಟು, ಬಂದ ಹಣವನ್ನು ಬಾರ್ನ್ ತಮ್ಮ ಸಂಸ್ಥೆಯ ಪ್ರಯೋಗಗಳಿಗೆ ಹಾಕಿದರು. ಆ ಉಪನ್ಯಾಸಗಳೇ 1920ರಲ್ಲಿ ಪುಸ್ತಕವಾದವು. ಶಾಲೆಯ ಗಣಿತ ಮಾತ್ರ ಬಲ್ಲವರೂ ಹಿಂಬಾಲಿಸಬಹುದಾದ ಬರಹ ಅದು. ದುಡ್ಡು ಕೊಟ್ಟು ಕುಳಿತ ಅಂಗಡಿಯವರು, ವಕೀಲರು, ಗೃಹಿಣಿಯರು ಕಣ್ಣೆದುರಿಗಿದ್ದರೆ ಯಾರಾದರೂ ಮೆಟ್ಟಿಲು ಮೆಟ್ಟಿಲಾಗಿಯೇ ಹತ್ತಿಸಬೇಕಾಗುತ್ತದೆ.

1921ರಲ್ಲಿ ಮರಳಿ ಗಾಟಿಂಗೆನ್, ಈಗ ಪ್ರಾಧ್ಯಾಪಕರಾಗಿ. 1923ರಲ್ಲಿ ಹರಳಿನ ಪುಸ್ತಕವನ್ನು ‘ಘನಸ್ಥಿತಿಯ ಪರಮಾಣು ಸಿದ್ಧಾಂತ’ ಎಂಬ ಅರ್ಥದ ಹೆಸರಿನಲ್ಲಿ ವಿಸ್ತರಿಸಿ ಬರೆದರು. ಗಣಿತ ವಿಶ್ವಕೋಶಕ್ಕೆಂದು ಬರೆದದ್ದು. ಆ ವಿಷಯದಲ್ಲಿ ಅದುವರೆಗೆ ಗೊತ್ತಿದ್ದದ್ದೆಲ್ಲ ಅದರಲ್ಲಿತ್ತು, ಹೊಸಬನಿಗೆ ಬಾಗಿಲು ಮಾತ್ರ ಇರಲಿಲ್ಲ. ಹೀಗೆ ಹೇಳುವಾಗ ಒಂದು ವಿಚಿತ್ರ ಕಾಣುತ್ತದೆ. ಸಾಪೇಕ್ಷತೆ ಬಾರ್ನ್ ಅವರ ಮುಖ್ಯ ಕ್ಷೇತ್ರವಾಗಿರಲಿಲ್ಲ, ಅದರ ಬಗ್ಗೆ ಅವರು ಯಾರಿಗೂ ತಿಳಿಯುವಂತೆ ಬರೆದರು. ಹರಳುಗಳು ಅವರ ಸ್ವಂತ ಹೊಲ, ಅಲ್ಲಿ ಅವರ ಬರಹ ತಮ್ಮಂಥವರಿಗೆ ಮಾತ್ರ. ಇದನ್ನು ನಾನು ಅವರ ದೋಷವೆಂದು ಹೇಳುತ್ತಿಲ್ಲ. ವಿಶ್ವಕೋಶದ ಲೇಖನ ಹಾಗೇ ಇರಬೇಕು. ಅಂಥದ್ದನ್ನು ಪಠ್ಯಪುಸ್ತಕವೆಂದು ವಿದ್ಯಾರ್ಥಿಯ ಕೈಗೆ ಕೊಡುವವರು ತಪ್ಪು ಮಾಡುತ್ತಾರೆ.

ಗಾಟಿಂಗೆನ್‌ನ ಆ ಹನ್ನೆರಡು ವರ್ಷಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬೇಗ ಮುಗಿಸುತ್ತೇನೆ. ಪೌಲಿ ಮತ್ತು ಹೈಸನ್‌ಬರ್ಗ್ ಒಬ್ಬರಾದ ಮೇಲೊಬ್ಬರು ಸಹಾಯಕರಾಗಿ ಬಂದರು. 1925ರ ಬೇಸಿಗೆಯಲ್ಲಿ ಹೈಸನ್‌ಬರ್ಗ್ ತಂದ ಲೇಖನದಲ್ಲಿ ಒಂದು ವಿಚಿತ್ರ ಗುಣಾಕಾರವಿತ್ತು. ಎರಡು ಸಂಖ್ಯಾಗುಂಪುಗಳ ಸ್ಥಾನ ಬದಲಿಸಿದರೆ ಉತ್ತರ ಬದಲಾಗುತ್ತಿತ್ತು. ಕೆಲವು ದಿನ ತಲೆ ಕೆಡಿಸಿಕೊಂಡ ಬಾರ್ನ್‌ಗೆ ಬ್ರೆಸ್ಲಾವ್‌ನ ರೋಸಾನೆಸ್ ಅವರ ಪಾಠ ನೆನಪಾಯಿತು: ಇದು ಮ್ಯಾಟ್ರಿಕ್ಸ್. ಪಾಸ್ಕುವಲ್ ಯೋರ್ಡಾನ್ ಜೊತೆ, ಬಳಿಕ ಮೂವರೂ ಸೇರಿ, ಕ್ವಾಂಟಂ ಬಲವಿಜ್ಞಾನವನ್ನು ಆ ಗಣಿತದಲ್ಲಿ ಕಟ್ಟಿದರು. 1926ರಲ್ಲಿ ಶ್ರೋಡಿಂಗರ್ ಅಲೆಗೆ ಬಾರ್ನ್ ಕೊಟ್ಟ ಅರ್ಥ, ಅದು ಕಣ ಎಲ್ಲಿರಬಹುದೆಂಬ ಸಂಭವನೀಯತೆಯನ್ನು ಹೇಳುತ್ತದೆ ಎಂಬುದು, ಈಗ ಎಲ್ಲ ಪುಸ್ತಕಗಳಲ್ಲೂ ಇದೆ.

ಅಲ್ಲಿನ ತರಗತಿಯ ಒಂದು ಘಟನೆಯನ್ನು ಮಾತ್ರ ಬಿಡಲಾರೆ. ರಾಬರ್ಟ್ ಆಪನ್‌ಹೈಮರ್ ಆಗ ಬಾರ್ನ್ ಬಳಿ ಪಿಎಚ್.ಡಿ. ವಿದ್ಯಾರ್ಥಿ. ವಿಚಾರಗೋಷ್ಠಿಯಲ್ಲಿ ಯಾರು ಮಾತನಾಡುತ್ತಿದ್ದರೂ, ಬಾರ್ನ್ ಅವರೇ ಆಗಲಿ, ಎದ್ದುಹೋಗಿ ಸೀಮೆಸುಣ್ಣ ತೆಗೆದುಕೊಂಡು ಇದನ್ನು ಹೀಗೆ ಮಾಡಿದರೆ ಇನ್ನೂ ಚೆನ್ನ ಎಂದು ತೋರಿಸಲು ಶುರು ಮಾಡುತ್ತಿದ್ದರು. ಬಾರ್ನ್‌ಗೆ ಅವರನ್ನು ತಡೆಯುವ ಧೈರ್ಯವಾಗಲಿಲ್ಲ. ಕೊನೆಗೆ ಉಳಿದ ವಿದ್ಯಾರ್ಥಿಗಳು, ಮುಂದೆ ನೊಬೆಲ್ ಪಡೆದ ಮರಿಯಾ ಗೋಪರ್ಟ್ ಮುಂದಾಳಾಗಿ, ಇದು ನಿಲ್ಲದಿದ್ದರೆ ಗೋಷ್ಠಿಗೆ ಬರುವುದಿಲ್ಲ ಎಂದು ಬರೆದು ಸಹಿ ಮಾಡಿ ತಂದುಕೊಟ್ಟರು. ಬಾರ್ನ್ ಆ ಕಾಗದವನ್ನು ಮೇಜಿನ ಮೇಲೆ ಕಾಣುವಂತೆ ಇಟ್ಟು, ಆಪನ್‌ಹೈಮರ್ ಬಂದಾಗ ಕೆಲಹೊತ್ತು ಕೋಣೆಯಿಂದ ಹೊರಗೆ ಹೋದರು. ಮರಳಿ ಬಂದಾಗ ವಿದ್ಯಾರ್ಥಿಯ ಮುಖ ಬಿಳುಪೇರಿತ್ತು. ಅಡ್ಡಿ ನಿಂತಿತು. ತರಗತಿ ನಿರ್ವಹಣೆಯ ಯಾವ ಪುಸ್ತಕದಲ್ಲೂ ಈ ತಂತ್ರವಿಲ್ಲ. ಇದು ಜಾಣತನವೋ ಅಂಜಿಕೆಯೋ ನೀವೇ ಚರ್ಚಿಸಿ. ಇದೇ ಇಬ್ಬರೂ ಸೇರಿ 1927ರಲ್ಲಿ ಬರೆದ ಲೇಖನದ ಅಂದಾಜು ವಿಧಾನ, ಭಾರವಾದ ಪರಮಾಣು ಬೀಜಗಳ ಚಲನೆಯನ್ನು ಹಗುರ ಎಲೆಕ್ಟ್ರಾನುಗಳ ಚಲನೆಯಿಂದ ಬೇರ್ಪಡಿಸುವುದು, ಘನಸ್ಥಿತಿಯ ಪುಸ್ತಕಗಳೆಲ್ಲದರ ಅಡಿಪಾಯ.

1932ರಲ್ಲಿ ಬರ್ಲಿನ್‌ನ ವಿದ್ಯುತ್ ಎಂಜಿನಿಯರುಗಳಿಗಾಗಿ ಬಾರ್ನ್ ಆಧುನಿಕ ಭೌತಶಾಸ್ತ್ರದ ಉಪನ್ಯಾಸಮಾಲೆ ನಡೆಸಿದರು. ಅದು ಪುಸ್ತಕವಾಗಿ, 1935ರಲ್ಲಿ ಇಂಗ್ಲಿಷಿಗೆ ‘ಅಟಾಮಿಕ್ ಫಿಸಿಕ್ಸ್’ ಎಂದು ಬಂತು. ಇದರ ರಚನೆಯನ್ನು ಪ್ರಶಿಕ್ಷಣಾರ್ಥಿಗಳು ಗಮನಿಸಬೇಕು. ಮುಖ್ಯ ಪಾಠದಲ್ಲಿ ಪ್ರಯೋಗ, ಚಿತ್ರ, ಯುಕ್ತಿ. ಉದ್ದನೆಯ ಗಣಿತವೆಲ್ಲ ಕೊನೆಯಲ್ಲಿ ಅನುಬಂಧಗಳಾಗಿ. ಕೆಲಸದ ದಿನ ಮುಗಿಸಿ ಬಂದು ಕೂತ ಎಂಜಿನಿಯರು ಎಲ್ಲಿ ಸುಸ್ತಾಗುತ್ತಾನೆ ಎಂದು ಯೋಚಿಸಿ ಮಾಡಿದ ಏರ್ಪಾಟು. ಅಂದರೆ ಬಾರ್ನ್‌ಗೆ ಈ ವಿದ್ಯೆ ಬರುತ್ತಿತ್ತು.

1933ರ ಏಪ್ರಿಲ್‌ನಲ್ಲಿ ನಾಜಿ ಸರ್ಕಾರ ಯಹೂದಿ ಅಧ್ಯಾಪಕರನ್ನು ಹೊರಹಾಕುವ ಕಾನೂನು ತಂದಿತು, ಬಾರ್ನ್ ಅಮಾನತಾದರು. ಐವತ್ತು ವರ್ಷ ದಾಟಿದ ಮನುಷ್ಯ ಕುಟುಂಬದೊಂದಿಗೆ ದೇಶ ಬಿಟ್ಟು, ಕೇಂಬ್ರಿಜ್‌ನಲ್ಲಿ ತಾತ್ಕಾಲಿಕ ಹುದ್ದೆ ಹಿಡಿದರು. ಆ ದಿನಗಳಲ್ಲಿ ಸಾಮಾನ್ಯ ಓದುಗರಿಗಾಗಿ ಬರೆದ ‘ದಿ ರೆಸ್ಟ್‌ಲೆಸ್ ಯೂನಿವರ್ಸ್’ ಪುಸ್ತಕದ ಪುಟಗಳ ಅಂಚಿನಲ್ಲಿ ಚಿತ್ರಗಳಿದ್ದವು. ಬೆರಳಿನಿಂದ ಸರಸರನೆ ತಿರುವಿದರೆ ಕಣಗಳು ಚಲಿಸುತ್ತಿರುವಂತೆ ಕಾಣುತ್ತಿತ್ತು. ಅಗ್ಗದ ಬೋಧನೋಪಕರಣಕ್ಕೆ ಒಳ್ಳೆಯ ಉದಾಹರಣೆ. ಚಿತ್ರ ಬರೆದವರು ಅವರ ಸೋದರಿಯ ಮಗ, ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್. ಆತ ಮುಂದೆ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳನ್ನೂ ರೂಪಿಸಿದರು.

ಸೋದರಮಾವ ಅದಕ್ಕೆ ಮೊದಲೇ ಅಲ್ಲಿಗೆ ಬಂದು ಹೋಗಿದ್ದರು. ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸಿ. ವಿ. ರಾಮನ್, ನಿರಾಶ್ರಿತರಾಗಿದ್ದ ಬಾರ್ನ್ ಅವರನ್ನು ಕರೆಸಿಕೊಂಡರು. 1935ರ ಕೊನೆಯಿಂದ 1936ರವರೆಗೆ ಸುಮಾರು ಆರು ತಿಂಗಳು ಬಾರ್ನ್ ದಂಪತಿ ಬೆಂಗಳೂರಿನಲ್ಲಿದ್ದರು. ಬಾರ್ನ್ ಉಪನ್ಯಾಸ ಕೊಟ್ಟರು, ರಾಮನ್ ಅವರ ಶಿಷ್ಯ ನಾಗೇಂದ್ರನಾಥ್ ಜೊತೆ ಲೇಖನ ಬರೆದರು. ಅವರನ್ನು ಖಾಯಂ ಪ್ರಾಧ್ಯಾಪಕರನ್ನಾಗಿ ಮಾಡಿಕೊಂಡು ಇಲ್ಲಿ ಸೈದ್ಧಾಂತಿಕ ಭೌತಶಾಸ್ತ್ರ ಬೆಳೆಸಬೇಕೆಂಬುದು ರಾಮನ್ ಆಸೆ. ಆ ಪ್ರಸ್ತಾಪ ಬಂದ ಸಭೆಯಲ್ಲಿ, ಇಂಗ್ಲೆಂಡಿನಿಂದ ಬಂದಿದ್ದ ಪ್ರಾಧ್ಯಾಪಕರೊಬ್ಬರು ಬಾರ್ನ್ ಎದುರಿಗೇ, ತಮ್ಮ ದೇಶದಿಂದ ಓಡಿಸಲ್ಪಟ್ಟ ಎರಡನೆಯ ದರ್ಜೆಯ ವಿದೇಶಿಯರು ನಮಗೆ ಬೇಡ ಎಂಬರ್ಥದಲ್ಲಿ ಮಾತನಾಡಿದರು. ಮನೆಗೆ ಬಂದ ಬಾರ್ನ್ ಹೆಂಡತಿಯ ಮುಂದೆ ಅತ್ತುಬಿಟ್ಟರು. ಪ್ರಸ್ತಾಪ ಬಿದ್ದುಹೋಯಿತು. 1936ರಲ್ಲೇ ಸ್ಕಾಟ್ಲೆಂಡಿನ ಎಡಿನ್‌ಬರಾ ವಿಶ್ವವಿದ್ಯಾಲಯ ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆಯಿತು. ಘನಸ್ಥಿತಿ ಸಿದ್ಧಾಂತವನ್ನು ಮೊದಲಿಗೆ ಕಟ್ಟಿದವರಲ್ಲೊಬ್ಬರು ನಮ್ಮೂರಿನಲ್ಲಿ ನೆಲೆಸಬಹುದಾಗಿತ್ತು ಎಂದು ಯೋಚಿಸಿದಾಗ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಮುಂದಿನ ತಿರುವು ಇನ್ನೂ ಬೇಸರದ್ದು. ಕರೆಸಿಕೊಂಡ ರಾಮನ್ ಅವರೇ 1940ರ ದಶಕದಲ್ಲಿ ಬಾರ್ನ್ ಸಿದ್ಧಾಂತಕ್ಕೆ ಎದುರು ನಿಂತರು. ಬೆಂಗಳೂರಿನಲ್ಲಿ ಆರ್. ಎಸ್. ಕೃಷ್ಣನ್ ವಜ್ರದ ಮೇಲೆ ಮಾಡಿದ ಪ್ರಯೋಗಗಳಲ್ಲಿ ಚೂಪಾದ ರೇಖೆಗಳು ಕಂಡವು. ಹರಳಿನ ಕಂಪನಕ್ಕೆ ಕೆಲವೇ ನಿರ್ದಿಷ್ಟ ಆವೃತ್ತಿಗಳಿವೆ ಎಂದು ರಾಮನ್ ವಾದಿಸಿದರು. ಬಾರ್ನ್ ಪ್ರಕಾರ ಆವೃತ್ತಿಗಳು ಒತ್ತೊತ್ತಾಗಿ ಹರಡಿವೆ, ಕೆಲವೆಡೆ ಮಾತ್ರ ದಟ್ಟವಾಗಿರುವುದರಿಂದ ರೇಖೆಯಂತೆ ಕಾಣುತ್ತವೆ. ರಾಮನ್ ಅವರ ಮುಖ್ಯ ಆಕ್ಷೇಪ 1912ರ ಒಂದು ಉಪಾಯದ ಮೇಲೆ: ಹರಳಿನ ಒಂದು ತುದಿಯನ್ನು ಇನ್ನೊಂದು ತುದಿಗೆ ಜೋಡಿಸಿದಂತೆ ಭಾವಿಸಿ ಲೆಕ್ಕ ಸುಲಭ ಮಾಡಿಕೊಳ್ಳುವುದು. ನಿಜವಾದ ಹರಳಿಗೆ ಅಂಚುಗಳಿವೆಯಲ್ಲ ಎಂಬುದು ಅವರ ತಕರಾರು. ಹರಳು ಸಾಕಷ್ಟು ದೊಡ್ಡದಾಗಿದ್ದರೆ ಅಂಚಿನ ಪರಿಣಾಮ ನಗಣ್ಯವೆಂದು ವಾಲ್ಟರ್ ಲೆಡರ್‌ಮನ್ 1944ರಲ್ಲಿ ಗಣಿತದಿಂದ ತೋರಿಸಿದರು. ಎಡಿನ್‌ಬರಾದಲ್ಲಿ ಬಾರ್ನ್ ಶಿಷ್ಯೆ ಹೆಲೆನ್ ಸ್ಮಿತ್ 1948ರಲ್ಲಿ ವಜ್ರದ ವರ್ಣಪಟಲವನ್ನೇ ಲೆಕ್ಕ ಹಾಕಿದರು. 1950ರ ದಶಕದಲ್ಲಿ ನ್ಯೂಟ್ರಾನ್ ಪ್ರಯೋಗಗಳು ಹರಳಿನ ಅಲೆಗಳನ್ನು ನೇರವಾಗಿ ಅಳೆದಾಗ ಬಾರ್ನ್ ಚಿತ್ರವೇ ಸರಿಯೆಂದಾಯಿತು. ರಾಮನ್ ಕೊನೆಯವರೆಗೂ ಒಪ್ಪಲಿಲ್ಲ. ಇಂದಿನ ಪಠ್ಯಪುಸ್ತಕಗಳಲ್ಲಿ ಬಾರ್ನ್-ಕಾರ್ಮಾನ್ ಅಂಚಿನ ಷರತ್ತು ಒಂದೆರಡು ಸಾಲಿನಲ್ಲಿ ಬಂದು ಹೋಗುತ್ತದೆ, ಅದು ಇಷ್ಟು ಜಗಳ ಕಂಡದ್ದೆಂದು ಓದುಗನಿಗೆ ತಿಳಿಯುವುದೇ ಇಲ್ಲ. ಜಾಣ ವಿದ್ಯಾರ್ಥಿ ರಾಮನ್ ಕೇಳಿದ ಪ್ರಶ್ನೆಯನ್ನೇ ತರಗತಿಯಲ್ಲಿ ಕೇಳುತ್ತಾನೆ. ಅದಕ್ಕೆ ಉತ್ತರವಿರುವ ಪುಸ್ತಕ ಶಿಕ್ಷಕರ ಕೈಗೆಟಕುವಂತಿರಬೇಕು.

ಎಡಿನ್‌ಬರಾದಲ್ಲಿ ಬಾರ್ನ್ 1953ರವರೆಗೆ ಇದ್ದರು. ಅವರ ಸಂಶೋಧನಾ ವಿದ್ಯಾರ್ಥಿಗಳು ಒಂದೇ ಕೋಣೆಯಲ್ಲಿ ಕೂರುತ್ತಿದ್ದರು. ಬೆಳಿಗ್ಗೆ ಟಪಾಲು ನೋಡಿ ಮುಗಿಸಿದ ಕೂಡಲೇ ಬಾರ್ನ್ ಒಬ್ಬೊಬ್ಬರ ಬಳಿಯೂ ಹೋಗಿ, ನಿನ್ನೆಯಿಂದ ಏನು ಮಾಡಿದಿರಿ ಎಂದು ಕೇಳುತ್ತಿದ್ದರು. ಏನೂ ಮಾಡಿಲ್ಲ ಎನ್ನಬೇಕಾದ ದಿನ ಯಾರಿಗೂ ಹಿತವಾಗುತ್ತಿರಲಿಲ್ಲ.

ಹರಳಿನ ಪುಸ್ತಕ ಈ ಹೊತ್ತಿಗೆ ಮೂರನೆಯ ಸಲ ಅವರ ಮೇಜಿಗೆ ಬಂದಿತ್ತು. ಈಗ ಕ್ವಾಂಟಂ ಸಿದ್ಧಾಂತ ಸಿದ್ಧವಾಗಿದ್ದರಿಂದ, ಅದರ ಸಾಮಾನ್ಯ ತತ್ತ್ವಗಳಿಂದ ಶುರು ಮಾಡಿ ಹರಳಿನ ಗುಣಗಳನ್ನು ಒಂದೊಂದಾಗಿ ಇಳಿಸಬೇಕೆಂಬ ಯೋಜನೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಶುದ್ಧ ನಿಗಮನ ಪದ್ಧತಿ. ಕೆಲಸ ಅರ್ಧಕ್ಕೆ ನಿಂತಿತ್ತು. ಆಗ ಬ್ರಿಸ್ಟಲ್‌ನಲ್ಲಿ ನೆವಿಲ್ ಮಾಟ್ ಬಳಿ ಸಂಶೋಧನೆ ಮಾಡಿದ್ದ ಹುವಾಂಗ್ ಕುನ್ ಎಂಬ ಚೀನೀ ಯುವಕ ಎಡಿನ್‌ಬರಾಕ್ಕೆ ಬಂದರು. ಬಾರ್ನ್ ಹಸ್ತಪ್ರತಿ ತೋರಿಸಿ, ಇದನ್ನು ಮುಗಿಸಲು ಜೊತೆಯಾಗುತ್ತೀರಾ ಎಂದು ಕೇಳಿದರು.

ಹುವಾಂಗ್ ಒಪ್ಪಿದರು, ಆದರೆ ತಮ್ಮ ರೀತಿಯಲ್ಲಿ. ವಿಜ್ಞಾನ ಸಮಾಜಕ್ಕೆ ಉಪಯೋಗವಾಗಬೇಕು ಎಂಬುದು ಅವರ ನಂಬಿಕೆ. ಮೇಲಿನಿಂದ ಇಳಿದುಬರುವ ಅಮೂರ್ತ ನಿರೂಪಣೆ ಅವರಿಗೆ ಹಿಡಿಸಲಿಲ್ಲ. ಚೀನಾಕ್ಕೆ ಮರಳಿ ತಾವು ಕಲಿಸಬೇಕಾದ ಹುಡುಗರು ಅವರ ಕಣ್ಣ ಮುಂದೆ ಇದ್ದಿರಬೇಕು ಎಂದು ನಾನು ಊಹಿಸುತ್ತೇನೆ. ಬಾರ್ನ್ ಯೋಜಿಸಿದ್ದ ಭಾಗಕ್ಕೆ ಮೊದಲು ಅವರು ಪ್ರಾಥಮಿಕ ಅಧ್ಯಾಯಗಳನ್ನು ಸೇರಿಸಿದರು: ಪರಮಾಣುಗಳ ನಡುವಿನ ಬಲ, ಜಾಲದ ಕಂಪನ, ಸ್ಥಿತಿಸ್ಥಾಪಕತ್ವ ಮತ್ತು ಸ್ಥಿರತೆ. ಉಪ್ಪಿನ ಹರಳಿನಂಥ ಸರಳ ಉದಾಹರಣೆಗಳಿಂದ ಶುರುವಾಗಿ, ಅಳೆದ ಅಂಕಿಗಳ ಕೋಷ್ಟಕಗಳ ಪಕ್ಕದಲ್ಲಿ ಸಾಗುವ ಬರಹ. 1951ರಲ್ಲಿ ಹುವಾಂಗ್ ತಾಯ್ನಾಡಿಗೆ ಮರಳಿದರು. ಪುಸ್ತಕ ಹೊರಬಂದದ್ದು 1954ರಲ್ಲಿ, ಆಕ್ಸ್‌ಫರ್ಡ್‌ನಿಂದ. ಬಾರ್ನ್ ಮುನ್ನುಡಿಯಲ್ಲಿ ಈ ಭಿನ್ನಾಭಿಪ್ರಾಯವನ್ನು ಮುಚ್ಚಿಡಲಿಲ್ಲ. ಪ್ರಾಥಮಿಕ ಅಧ್ಯಾಯಗಳು ಯಾರ ಒತ್ತಾಯದಿಂದ, ಯಾವ ದೃಷ್ಟಿಯಿಂದ ಬಂದವೆಂದು ದಾಖಲಿಸಿದರು. ಎಪ್ಪತ್ತು ದಾಟಿದ ಗುರು, ತನ್ನ ನಲವತ್ತು ವರ್ಷಗಳ ವಿಷಯದ ಬಾಗಿಲನ್ನು ಶಿಷ್ಯನ ವಯಸ್ಸಿನವನೊಬ್ಬ ಬೇರೆ ಕಡೆ ತೆರೆಯಲು ಬಿಟ್ಟದ್ದನ್ನು ನಾನು ಅವರ ದೊಡ್ಡ ಗುಣವೆಂದೇ ಎಣಿಸುತ್ತೇನೆ. ಬೀಜಿಂಗ್‌ನಲ್ಲಿ ಹುವಾಂಗ್ ಹಲವು ವರ್ಷ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಸಾಮಾನ್ಯ ಭೌತಶಾಸ್ತ್ರ ಕಲಿಸಿದರು, ಚೀನೀ ಭಾಷೆಯಲ್ಲಿ ಘನಸ್ಥಿತಿಯ ಪಠ್ಯಪುಸ್ತಕವನ್ನೂ ಬರೆದರು.

ನಾನು ವಿದ್ಯಾರ್ಥಿಯಾಗಿ ಹಾರಿಸಿದ್ದು ಆ ಮೂರು ಅಧ್ಯಾಯಗಳನ್ನೇ.

ಹಾಗೆಂದು ಅವುಗಳಿಂದ ಶುರು ಮಾಡಿ ಎಂದೂ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಹೇಳುವುದಿಲ್ಲ. ಆ ಪುಸ್ತಕದ ವಿಷಯ ಜಾಲದ ಕಂಪನ ಮಾತ್ರ. ಲೋಹದ ಎಲೆಕ್ಟ್ರಾನು, ಅರೆವಾಹಕ ಬೇಕೆಂದರೆ ಬೇರೆಡೆ ಹೋಗಬೇಕು. 1953ರಲ್ಲಿ ಮೊದಲು ಬಂದ ಕಿಟೆಲ್ ಪುಸ್ತಕದ ಈಗಿನ ಆವೃತ್ತಿ ಹರಳಿನ ರಚನೆಯಿಂದ ತೆರೆಯುತ್ತದೆ, ಅಧ್ಯಾಯದ ಕೊನೆಯಲ್ಲಿ ಲೆಕ್ಕಗಳಿವೆ, ವಿಸ್ತಾರ ಹೆಚ್ಚು, ಕೆಲವೆಡೆ ವಿವರಣೆ ಅವಸರದ್ದು. 1976ರ ಆಶ್‌ಕ್ರಾಫ್ಟ್ ಮತ್ತು ಮರ್ಮಿನ್ ಪುಸ್ತಕ ಲೋಹದ ಎಲೆಕ್ಟ್ರಾನುಗಳ ಹಳೆಯ ಸರಳ ಮಾದರಿಯಿಂದ ಶುರುವಾಗಿ, ಅದು ಎಲ್ಲೆಲ್ಲಿ ಸೋಲುತ್ತದೆಂದು ಒಂದು ಅಧ್ಯಾಯವಿಡೀ ತೋರಿಸಿ, ಆಮೇಲೆ ಹರಳಿನ ಜಾಲಕ್ಕೆ ಬರುತ್ತದೆ. ಒಬ್ಬರೇ ಕುಳಿತು ಓದುವವರಿಗೆ ನನ್ನ ಆಯ್ಕೆ ಇದು, ಏಕೆಂದರೆ ಜಾಲ ಏಕೆ ಬೇಕು ಎಂಬ ಹಸಿವು ಮೊದಲು ಹುಟ್ಟುತ್ತದೆ. 1964ರ ಜೈಮನ್ ಪುಸ್ತಕ ಒಮ್ಮೆ ಓದಿ ಮುಗಿಸಿದವರು ಎರಡನೆಯ ಸುತ್ತಿಗೆ ಹಿಡಿಯುವಂಥದ್ದು. ಕಂಪನದ ಅಧ್ಯಾಯದಲ್ಲಿ ಪ್ರಶ್ನೆಗಳೆದ್ದಾಗ ಬಾರ್ನ್-ಹುವಾಂಗ್ ತೆಗೆಯಿರಿ, ಮೊದಲ ಪುಟದಿಂದ.

ಬಾರ್ನ್ ಕಥೆ ಇನ್ನು ಸ್ವಲ್ಪ ಉಳಿದಿದೆ. ನಿವೃತ್ತಿಯ ನಂತರ, ಗೆಳೆಯರ ಅಸಮಾಧಾನದ ನಡುವೆಯೂ ಜರ್ಮನಿಗೆ ಮರಳಿ ಬಾಡ್ ಪಿರ್ಮಾಂಟ್ ಎಂಬ ಸಣ್ಣ ಊರಿನಲ್ಲಿ ನೆಲೆಸಿದರು. ಹರಳಿನ ಪುಸ್ತಕ ಬಂದ 1954ರಲ್ಲೇ ನೊಬೆಲ್ ಬಂತು, 1926ರ ಕೆಲಸಕ್ಕೆ. 1955ರಲ್ಲಿ ಅಣ್ವಸ್ತ್ರಗಳ ವಿರುದ್ಧ ರಸೆಲ್ ಮತ್ತು ಐನ್‌ಸ್ಟೈನ್ ಹೊರಡಿಸಿದ ಹೇಳಿಕೆಗೆ ಸಹಿ ಹಾಕಿದರು. ಬೆಳಕಿನ ಶಾಸ್ತ್ರದ ಬಗ್ಗೆ 1933ರಲ್ಲಿ ಜರ್ಮನ್‌ನಲ್ಲಿ ಬರೆದಿದ್ದ ಪುಸ್ತಕವನ್ನು ಎಮಿಲ್ ವುಲ್ಫ್ ಎಂಬ ಇನ್ನೊಬ್ಬ ಯುವಕನ ಜೊತೆ ಹೊಸದಾಗಿ ಬರೆದು 1959ರಲ್ಲಿ ಇಂಗ್ಲಿಷಿನಲ್ಲಿ ತಂದರು. ಅಲ್ಲಿಯೂ ಕಿರಿಯರು ಹಟ ಹಿಡಿದು ಸೇರಿಸಿದ ಅಧ್ಯಾಯವೊಂದಿತ್ತು, ಬೆಳಕಿನ ಭಾಗಶಃ ಸುಸಂಬದ್ಧತೆಯ ಬಗ್ಗೆ. ಅದಕ್ಕಾಗಿ ಪುಸ್ತಕ ತಡವಾಗುತ್ತಿದೆ, ಅದರಲ್ಲಿ ಯಾರಿಗೆ ಆಸಕ್ತಿ ಎಂದು ಬಾರ್ನ್ ಗೊಣಗಿದ್ದರು. ಮರುವರ್ಷ ಲೇಸರ್ ಬಂತು, ಎಲ್ಲರೂ ಹುಡುಕಿದ್ದು ಆ ಅಧ್ಯಾಯವನ್ನೇ.

1970ರ ಜನವರಿ 5ರಂದು ಬಾರ್ನ್ ಗಾಟಿಂಗೆನ್‌ನಲ್ಲಿ ತೀರಿಕೊಂಡರು. ಬರ್ಲಿನ್‌ನ ಎಂಜಿನಿಯರುಗಳಿಗೆ ಹೇಳಿದ್ದ ‘ಅಟಾಮಿಕ್ ಫಿಸಿಕ್ಸ್’ ಅದರ ಹಿಂದಿನ ವರ್ಷವಷ್ಟೇ ಎಂಟನೆಯ ಆವೃತ್ತಿ ಕಂಡಿತ್ತು. ಉದ್ದನೆಯ ಗಣಿತ ಅದರಲ್ಲಿ ಇನ್ನೂ ಕೊನೆಯ ಅನುಬಂಧಗಳಲ್ಲೇ ಇತ್ತು.